ಬೆಂಗಳೂರು ರೈಲು ಹತ್ತದೆ ನಮ್ಮೂರಲ್ಲೇ ಡೆವಲಪರ್ ಮೀಟಪ್ ನಡೆಸುವ ಬಗೆ

ಮೈಸೂರಿನಲ್ಲಿ ಸಾಫ್ಟ್‌ವೇರ್ ಬರೆಯುವವರಿಗೆ ಬರ ಇಲ್ಲ. ಹೆಬ್ಬಾಳದ ದೊಡ್ಡ ಕ್ಯಾಂಪಸ್‌ನಲ್ಲಿದ್ದಾರೆ, ಹೂಟಗಳ್ಳಿ ಕಡೆಯ ಸಣ್ಣ ಆಫೀಸುಗಳಲ್ಲಿದ್ದಾರೆ. ಕೋವಿಡ್ ಹೊತ್ತಿಗೆ ಊರಿಗೆ ಬಂದು ಕುವೆಂಪುನಗರದ ಅಪ್ಪ-ಅಮ್ಮನ ಮನೆ ಮಹಡಿಯಲ್ಲೇ ಉಳಿದುಬಿಟ್ಟ ನನ್ನಂಥವರೂ ಇದ್ದಾರೆ. ಆದರೆ ಒಬ್ಬರಿಗೊಬ್ಬರ ಪರಿಚಯ ಇಲ್ಲ. ಪಕ್ಕದ ಕ್ರಾಸ್‌ನ ಹುಡುಗ ನಾನು ಒದ್ದಾಡುತ್ತಿರುವ ಡೇಟಾಬೇಸ್‌ನಲ್ಲೇ ಒದ್ದಾಡುತ್ತಿದ್ದಾನೆ ಅಂತ ತಿಳಿಯೋಕೆ ಇಬ್ಬರೂ ಬೆಂಗಳೂರಿನ ಕಾನ್ಫರೆನ್ಸ್‌ಗೆ ಹೋಗಬೇಕು. ಇದೆಂಥ ಕರ್ಮ ಅಲ್ವಾ?

ನಾನು, ಇನ್ನು ಮೂವರು ಸೇರಿ ಇಲ್ಲಿ ತಿಂಗಳಿಗೊಂದು ಮೀಟಪ್, ಅಂದರೆ ಸಾಫ್ಟ್‌ವೇರ್ ಬರೆಯುವವರು ಒಂದೆಡೆ ಸೇರಿ ಮಾತಾಡುವ ಕೂಟ, ನಡೆಸುತ್ತೇವೆ. ಹಾಸನ, ಶಿವಮೊಗ್ಗ, ದಾವಣಗೆರೆಯವರು ಸಿಕ್ಕಾಗ "ನಾವೂ ಶುರು ಮಾಡ್ಬೇಕು, ಹೇಗೆ?" ಅಂತ ಕೇಳುತ್ತಲೇ ಇರುತ್ತಾರೆ. ಅವರಿಗೋಸ್ಕರ ಇದು.

ಮೊದಲೇ ಹೇಳಿಬಿಡುತ್ತೇನೆ. ಮೀಟಪ್‌ನಲ್ಲಿ ಟಾಕ್ ಅನ್ನೋದು ನೆಪ. ವಿಷಯ ಕಲಿಯೋದೇ ಆದರೆ ಯೂಟ್ಯೂಬ್‌ನಲ್ಲಿ ಇದಕ್ಕಿಂತ ಒಳ್ಳೆಯ ವಿಡಿಯೋ ಸಿಗುತ್ತದೆ, ಮನೆಯಲ್ಲೇ ಕಾಲು ಚಾಚಿ ನೋಡಬಹುದು. ಜನ ಶನಿವಾರದ ನಿದ್ದೆ ಬಿಟ್ಟು ಬರೋದು ಇನ್ನೊಬ್ಬ ಡೆವಲಪರ್ ಜೊತೆ ಮಾತಾಡೋಕೆ. ಹಾಗಾಗಿ ದಿನ, ಹಾಲ್, ಕುರ್ಚಿ, ಟೀ, ಯಾವುದನ್ನು ತೀರ್ಮಾನಿಸುವಾಗಲೂ ನಾನು ಕೇಳಿಕೊಳ್ಳುವುದು ಒಂದೇ: ಇದರಿಂದ ಅವರವರ ನಡುವೆ ಮಾತು ಜಾಸ್ತಿ ಆಗುತ್ತದಾ, ಕಮ್ಮಿ ಆಗುತ್ತದಾ?

ಮೊದಲು ನಾಲ್ಕು ಕಡೆ ಹೋಗಿ ನೋಡಿ

ಶುರು ಮಾಡುವ ಮುಂಚೆ ಬೇರೆಯವರದ್ದಕ್ಕೆ ಒಂದೆರಡು ಸಲ ಹೋಗಿ ಬನ್ನಿ. ಬೆಂಗಳೂರಿನಲ್ಲಿ ಇದಕ್ಕೆ ಹಳೆಯ ಬೇರು ಇದೆ. 2001ರಲ್ಲಿ ಶುರುವಾದ ಲಿನಕ್ಸ್ ಬೆಂಗಳೂರು ಅನ್ನೋ ಮುಕ್ತ ಸಾಫ್ಟ್‌ವೇರ್ (ಯಾರು ಬೇಕಾದರೂ ಬಳಸಿ, ತಿದ್ದಬಹುದಾದ ಸಾಫ್ಟ್‌ವೇರ್) ಸಮ್ಮೇಳನ 2005ರಲ್ಲಿ ಫಾಸ್ ಡಾಟ್ ಇನ್ ಆಯಿತು. ಪೈಥಾನ್ ಭಾಷೆಯಲ್ಲಿ ಕೋಡ್ ಬರೆಯುವವರ ಸಮ್ಮೇಳನ, ಪೈಕಾನ್ ಇಂಡಿಯಾ, ಮೊದಲು ನಡೆದಿದ್ದು 2009ರಲ್ಲಿ, ಐಐಎಸ್‌ಸಿ ಆವರಣದಲ್ಲಿ. ಅಷ್ಟು ಹೊತ್ತಿಗೆ ಬ್ಯಾಂಗ್‌ಪೈಪರ್ಸ್ ಅನ್ನೋ ಪೈಥಾನ್ ಬಳಗ ಆಗಲೇ ಸೇರುತ್ತಿತ್ತು. ದೊಡ್ಡ ಜಾತ್ರೆಗಳ ಹಿಂದೆ ಇಂಥ ಸಣ್ಣ ಬಳಗಗಳು ಇದ್ದೇ ಇರುತ್ತವೆ. ಈಗ ಮುಕ್ತ ಸಾಫ್ಟ್‌ವೇರ್‌ನ ಫಾಸ್ ಯುನೈಟೆಡ್ ಸಂಸ್ಥೆಯವರು ಬೇರೆ ಬೇರೆ ಊರುಗಳಲ್ಲಿ ಮೀಟಪ್ ನಡೆಸುತ್ತಾರೆ. ಗೂಗಲ್ ಡೆವಲಪರ್ ಗ್ರೂಪ್‌ಗಳದ್ದೂ ಇರುತ್ತವೆ. ಬಾರ್‌ಕ್ಯಾಂಪ್ ಎಲ್ಲಾದರೂ ಕಂಡರೆ ಬಿಡಬೇಡಿ. ಅಲ್ಲಿ ಯಾರು ಏನು ಮಾತಾಡಬೇಕು ಅಂತ ಮೊದಲೇ ಗೊತ್ತು ಮಾಡಿರುವುದಿಲ್ಲ. ಬೆಳಿಗ್ಗೆ ಬಂದವರೇ ಬೋರ್ಡ್ ಮೇಲೆ ವಿಷಯ ಬರೆದು ಜಾಗ ಹಿಡಿಯುತ್ತಾರೆ.

ಹೋದಾಗ ಸ್ಲೈಡ್ ನೋಡಬೇಡಿ, ಜನರನ್ನು ನೋಡಿ. ಒಬ್ಬನೇ ಬಂದವನನ್ನು ಬಾಗಿಲಲ್ಲಿ ಯಾರು ಮಾತಾಡಿಸಿದರು? ಟೀ ಹೊತ್ತಿನಲ್ಲಿ ಗುಂಪು ಎಲ್ಲಿ ಕಟ್ಟಿತು? ಮೂಲೆಯಲ್ಲಿ ಫೋನ್ ಹಿಡಿದು ನಿಂತವರು ಎಷ್ಟು ಮಂದಿ? ನಿಮ್ಮೂರಲ್ಲಿ ಏನು ಮಾಡಬೇಕು, ಏನು ಬೇಡ ಅನ್ನೋದು ಅಲ್ಲೇ ಗೊತ್ತಾಗುತ್ತದೆ.

ಶುರು ಮಾಡೋಕೆ ಹಾಲ್ ಬೇಡ

ನಾವು ಮೊದಲು ಸೇರಿದ್ದು ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ. ಐದಾರು ಜನ, ಲ್ಯಾಪ್‌ಟಾಪ್ ಇಲ್ಲ, ಪ್ರೊಜೆಕ್ಟರ್ ಇಲ್ಲ. ಒಂದು ಸುತ್ತು ನಡೆಯೋಕೆ ಹೆಚ್ಚುಕಮ್ಮಿ ಒಂದು ಗಂಟೆ. ಆಮೇಲೆ ಸರಸ್ವತಿಪುರಂನಲ್ಲಿ ಇಡ್ಲಿ ವಡೆ. ಖರ್ಚು ಅವರವರದ್ದೇ. ನಡೆಯುವಾಗ ಇಬ್ಬಿಬ್ಬರೇ ಜೊತೆಯಾಗುತ್ತಾರೆ, ಸುತ್ತಿನ ನಡುವೆ ಜೋಡಿ ಬದಲಾಗುತ್ತದೆ. ಸಂಕೋಚದವರಿಗೆ ಎದುರುಬದುರು ಕೂರುವುದಕ್ಕಿಂತ ಅಕ್ಕಪಕ್ಕ ನಡೆಯೋದು ಸಲೀಸು.

ನಿಮ್ಮೂರಲ್ಲೂ ಒಂದು ಕೆರೆ ಏರಿಯೋ ಪಾರ್ಕೋ ಇದ್ದೇ ಇರುತ್ತದೆ. ಎರಡು ಮೂರು ತಿಂಗಳು ಹೀಗೆ ಸೇರಿ. ಅದೇ ನಾಲ್ಕು ಮುಖ ಮತ್ತೆ ಮತ್ತೆ ಕಂಡರೆ ಅವರೇ ನಿಮ್ಮ ತಂಡ. ಕಾಣಲಿಲ್ಲವೋ, ಹಾಲ್ ಹಿಡಿದಿದ್ದರೂ ಅವರು ಬರುತ್ತಿರಲಿಲ್ಲ ಅಂದುಕೊಳ್ಳಿ. ಲೋಗೋ, ಟಿ-ಶರ್ಟ್, ಹೆಸರು ಇಡುವ ಗಲಾಟೆ ಎಲ್ಲ ಆಮೇಲೆ ನೋಡಿಕೊಳ್ಳೋಣ.

ದಿನ ಒಂದೇ ಇರಲಿ

"ಈ ತಿಂಗಳು ಯಾವತ್ತು ಇಟ್ಕೊಳ್ಳೋಣ?" ಅಂತ ಗ್ರೂಪ್‌ನಲ್ಲಿ ಪೋಲ್ ಹಾಕಿದ ದಿನವೇ ಮೀಟಪ್ ಸೊರಗುತ್ತದೆ. ಒಂದು ದಿನ ಗೊತ್ತು ಮಾಡಿ, ಅದನ್ನು ಅಲುಗಾಡಿಸಬೇಡಿ. ನಮ್ಮದು ಮೂರನೇ ಶನಿವಾರ, ಬೆಳಿಗ್ಗೆ ಹತ್ತೂವರೆ. ಎರಡನೇ, ನಾಲ್ಕನೇ ಶನಿವಾರ ಸರ್ಕಾರಿ ಕಚೇರಿಗೆ, ಬ್ಯಾಂಕಿಗೆ ರಜೆ. ಮನೆಯವರೆಲ್ಲ ಎಲ್ಲಾದರೂ ಹೊರಟಿರುತ್ತಾರೆ. ಮೂರನೆಯದಾದರೆ ಆ ತಾಪತ್ರಯ ಕಮ್ಮಿ. ಸೆಪ್ಟೆಂಬರ್‌ನಲ್ಲಿ ಇನ್ನೊಂದು ಲಾಭ ಇದೆ. ಮುಕ್ತ ಸಾಫ್ಟ್‌ವೇರ್‌ನ ಹಬ್ಬ, ಸಾಫ್ಟ್‌ವೇರ್ ಫ್ರೀಡಂ ಡೇ, ಬರುವುದೂ ಆ ತಿಂಗಳ ಮೂರನೇ ಶನಿವಾರವೇ. ಪೋಸ್ಟರ್‌ಗೆ ವಿಷಯ ಹುಡುಕಬೇಕಾಗಿಲ್ಲ.

ಹತ್ತೂವರೆ ಯಾಕೆಂದರೆ, ಬೆಂಗಳೂರಿನಿಂದ ಭಾಷಣಕಾರರು ಬರುವುದಿದ್ದರೆ ಬೆಳಗಿನ ರೈಲೋ ಬಸ್ಸೋ ಹಿಡಿದು ಆರಾಮಾಗಿ ತಲುಪುತ್ತಾರೆ. ಒಂದು ಗಂಟೆಗೆ ಮುಗಿಯುತ್ತದೆ, ಊಟಕ್ಕೆ ಮನೆ ಸೇರಬಹುದು. ಸಂಜೆ ಇಟ್ಟರೆ ಹೆಣ್ಣುಮಕ್ಕಳು ಕಮ್ಮಿ ಬರುತ್ತಾರೆ. ಇದಕ್ಕೆ ಸರ್ವೆ ಬೇಕಿಲ್ಲ, ನನ್ನನ್ನೇ ಕೇಳಿ.

ದಸರಾ ತಿಂಗಳಲ್ಲಿ ಮಾತ್ರ ನಾವು ಹಾಲ್ ಕಡೆ ತಲೆ ಹಾಕುವುದಿಲ್ಲ. ಊರೆಲ್ಲ ಬ್ಯಾರಿಕೇಡ್, ಮನೆ ತುಂಬ ನೆಂಟರು. ಆ ತಿಂಗಳು ಮತ್ತೆ ಕೆರೆ ಏರಿ. ಎಂಜಿನಿಯರಿಂಗ್ ಕಾಲೇಜುಗಳ ವಿಟಿಯು ಪರೀಕ್ಷೆ ನಡೆಯುವ ವಾರಗಳಲ್ಲಿ ವಿದ್ಯಾರ್ಥಿಗಳು ಬರಲ್ಲ ಅಂತಲೂ ಲೆಕ್ಕ ಹಾಕಿಕೊಳ್ಳಿ.

ಕಾಲೇಜಿನ ಹಾಲ್ ಕೇಳುವಾಗ

ಇಪ್ಪತ್ತು ಜನ ದಾಟಿದರೆ ಹಾಲ್ ಬೇಕು. ಕೋವರ್ಕಿಂಗ್ ಜಾಗದವರು ಶನಿವಾರ ಬೆಳಿಗ್ಗೆ ಕೆಲವೊಮ್ಮೆ ಪುಕ್ಕಟೆ ಕೊಡುತ್ತಾರೆ, ಜನ ಜಾಗ ನೋಡಲಿ ಅಂತ. ಕಂಪನಿ ಕ್ಯಾಂಟೀನ್ ಚೆನ್ನಾಗಿರುತ್ತದೆ, ಆದರೆ ಸೆಕ್ಯುರಿಟಿಗೆ ಎರಡು ದಿನ ಮೊದಲೇ ಹೆಸರುಪಟ್ಟಿ ಕೊಡಬೇಕು, ಕೊನೇ ಗಳಿಗೆಯಲ್ಲಿ ಬಂದವರು ಗೇಟಿನಲ್ಲೇ ನಿಲ್ಲಬೇಕು. ಹೋಟೆಲ್ ಬೇಡವೇ ಬೇಡ. ಮಿಕ್ಸಿ ಸದ್ದಿನ ನಡುವೆ ಯಾರ ಟಾಕೂ ಕೇಳಿಸುವುದಿಲ್ಲ.

ಉಳಿಯೋದು ಎಂಜಿನಿಯರಿಂಗ್ ಕಾಲೇಜು. ನಮ್ಮ ರಾಜ್ಯದ ಮುಕ್ಕಾಲು ಊರುಗಳಲ್ಲಿ ಇದೇ ದಾರಿ. ಸೆಮಿನಾರ್ ಹಾಲ್ ಇರುತ್ತದೆ, ಪ್ರೊಜೆಕ್ಟರ್ ಇರುತ್ತದೆ. ಜೊತೆಗೆ ಒಂದಿಷ್ಟು ಸಂಪ್ರದಾಯವೂ ಇರುತ್ತದೆ. ಕಾಲೇಜಿನ ಸರ್ ಜೊತೆ ನನ್ನ ಮಾತುಕತೆ ಹೆಚ್ಚುಕಮ್ಮಿ ಹೀಗೆ ಸಾಗುತ್ತದೆ:

"ಮೇಡಂ, ಪ್ರಿನ್ಸಿಪಾಲ್ ಸರ್ ಬರ್ತಾರೆ. ದೀಪ ಬೆಳಗಿಸೋದು, ಪ್ರಾರ್ಥನೆ, ಸ್ವಾಗತ, ಶಾಲು-ಹಾರ, ಒಂದರ್ಧ ಗಂಟೆ ಇಟ್ಕೊಳ್ಳೋಣ."

"ಸರ್, ಖಂಡಿತ ಬರ್ಲಿ. ಅವರೇ ಐದು ನಿಮಿಷ ಮಾತಾಡಿ ಶುರು ಮಾಡಿಕೊಡ್ಲಿ. ಶಾಲು-ಹಾರ ಬೇಡ ಸರ್, ಆ ದುಡ್ಡಿಗೆ ಮಕ್ಕಳಿಗೆ ವಡೆ ಕೊಡೋಣ."

"ಮಕ್ಕಳು ಎಷ್ಟು ಜನ ಬೇಕು? ಐದನೇ ಸೆಮ್ ಪೂರ್ತಿ ಕೂರಿಸ್ತೀನಿ, ನೂರಿಪ್ಪತ್ತು ಜನ ಆಗ್ತಾರೆ."

ಇಲ್ಲಿ ಗಟ್ಟಿಯಾಗಿ ನಿಲ್ಲಬೇಕು. ಅಟೆಂಡೆನ್ಸ್‌ಗೋಸ್ಕರ ಕೂತ ನೂರಿಪ್ಪತ್ತು ಜನರ ಮುಂದೆ ಯಾರೂ ಬಾಯಿ ಬಿಡುವುದಿಲ್ಲ. ಆಸಕ್ತಿಯಿಂದ ಬಂದ ಹತ್ತು ಹುಡುಗರೂ ಹಿಂದಿನ ಸಾಲಿನ ಗುಸುಗುಸು ನಡುವೆ ಕಳೆದುಹೋಗುತ್ತಾರೆ. "ಸರ್, ಇಷ್ಟ ಇರೋರು ಮಾತ್ರ ಹೆಸರು ಕೊಡ್ಲಿ, ಅಟೆಂಡೆನ್ಸ್ ಬೇಡ" ಅಂತ ನಯವಾಗಿ ಹೇಳಿ, ಅದನ್ನೇ ಮೇಲ್‌ನಲ್ಲೂ ಬರೆದು ಕಳಿಸಿ. ಸರ್ಟಿಫಿಕೇಟ್ ಕೇಳುತ್ತಾರೆ. ನಾವು ಕೊಡುವುದಿಲ್ಲ. ಕೊಟ್ಟರೆ ಅದಕ್ಕೇ ಬರುವವರು ಶುರುವಾಗುತ್ತಾರೆ.

ಹಾಲ್ ನೋಡೋಕೆ ಹೋದಾಗ ಮೊದಲು ಶೌಚಾಲಯ ನೋಡಿ, ಆಮೇಲೆ ಪ್ರೊಜೆಕ್ಟರ್. ಹೆಂಗಸರ ಶೌಚಾಲಯ ಯಾವ ಮಹಡಿಯಲ್ಲಿದೆ, ಶನಿವಾರ ಬೀಗ ತೆಗೆದಿರುತ್ತಾರಾ, ಚಿಲಕ ಬೀಳುತ್ತದಾ, ನೀರು ಬರುತ್ತದಾ. "ನಮ್ಮ ಮೀಟಪ್‌ಗೆ ಹೆಣ್ಣುಮಕ್ಕಳೇ ಬರಲ್ಲ" ಅಂತ ಕೊರಗುವ ಸಂಘಟಕರನ್ನು ನಾನು ಕೇಳುವ ಮೊದಲ ಪ್ರಶ್ನೆ ಇದೇ. ಬಹಳ ಜನಕ್ಕೆ ಉತ್ತರ ಗೊತ್ತಿರಲ್ಲ. ಎರಡನೆಯದು, ಪೋಸ್ಟರ್‌ನಲ್ಲಿ ಒಬ್ಬ ಹೆಂಗಸಿನ ಹೆಸರು, ನಂಬರ್ ಇರಲಿ. ಮೂರನೆಯದು, ಮೊದಲ ಸಲ ಬಂದ ಹುಡುಗಿಯನ್ನು ಹಿಡಿದು ಸ್ವಾಗತ ಭಾಷಣಕ್ಕೋ ವಡೆ ಹಂಚೋಕೋ ನಿಲ್ಲಿಸಬೇಡಿ. ಅವಳು ಬಂದಿರೋದು ಕೋಡ್ ಬಗ್ಗೆ ಮಾತಾಡೋಕೆ.

ನಡವಳಿಕೆಯ ನಿಯಮ ಅಂತ ನಾವು ನಾಲ್ಕೇ ಸಾಲು ಇಟ್ಟಿದ್ದೇವೆ, ಕನ್ನಡದಲ್ಲೇ. ಯಾರನ್ನೂ ಗೇಲಿ ಮಾಡಬೇಡಿ. ಕೇಳದೆ ಫೋಟೋ ತೆಗೆಯಬೇಡಿ. ಬೇಡ ಅಂದಮೇಲೆ ನಂಬರ್‌ಗೆ ಪೀಡಿಸಬೇಡಿ. ತೊಂದರೆಯಾದರೆ ಈ ಇಬ್ಬರಿಗೆ ಹೇಳಿ. ಬಾಗಿಲಿಗೆ ಅಂಟಿಸಿರುತ್ತೇವೆ, ಶುರುವಿನಲ್ಲಿ ಒಂದು ಸಲ ಓದುತ್ತೇವೆ.

ಮಾತಾಡೋರನ್ನು ಹುಡುಕುವುದು

"ಟಾಕ್ ಕೊಡ್ತೀರಾ?" ಅಂತ ಕೇಳಿದರೆ ಹತ್ತರಲ್ಲಿ ಒಂಬತ್ತು ಜನ "ಅಯ್ಯೋ, ನಂಗೇನ್ ಗೊತ್ತು" ಅನ್ನುತ್ತಾರೆ. ಬೇರೆ ಥರ ಕೇಳಿ. "ಅವತ್ತು ಟೀ ಕುಡೀತಾ ಹೇಳಿದ್ರಲ್ಲ, ಸರ್ವರ್ ಡಿಸ್ಕ್ ತುಂಬಿ ರಾತ್ರಿ ಎರಡು ಗಂಟೆಗೆ ಎದ್ದ ಕಥೆ, ಅದನ್ನೇ ಹದಿನೈದು ನಿಮಿಷ ಹೇಳಿ." ಆಗ ಒಪ್ಪುತ್ತಾರೆ. ಆಫೀಸಿನ ಒಳಗಿನ ವಿಷಯ ಇದ್ದರೆ ಮ್ಯಾನೇಜರ್‌ಗೆ ಒಂದು ಮಾತು ಕೇಳಿಕೊಳ್ಳಲಿ, ಗ್ರಾಹಕರ ಹೆಸರು ತೆಗೆದುಹಾಕಲಿ. "ಕೃತಕ ಬುದ್ಧಿಮತ್ತೆಯ ಭವಿಷ್ಯ" ಅಂತೆಲ್ಲ ಬಂದರೆ ನಾನು ಮೆಲ್ಲಗೆ ಬೇರೆ ವಿಷಯ ಕೇಳುತ್ತೇನೆ. ಕೆಟ್ಟು ಕೂತ ಯಾವುದೋ ಒಂದನ್ನು ಸರಿ ಮಾಡಿದ ಕಥೆಗೆ ಜನ ಕಿವಿ ಕೊಡುವಷ್ಟು ಇನ್ನಾವುದಕ್ಕೂ ಕೊಡುವುದಿಲ್ಲ.

ನಮ್ಮಲ್ಲಿ ನಡೆದ ಟಾಕ್‌ಗಳಲ್ಲಿ ನನಗೆ ತುಂಬ ಹಿಡಿಸಿದ್ದು ಕೊನೇ ವರ್ಷದ ವಿದ್ಯಾರ್ಥಿನಿಯೊಬ್ಬಳದ್ದು. ಸ್ಲೈಡೇ ಇಲ್ಲ. ಪೈಥಾನ್ ತೆರೆದು "ಮೈಸೂರು" ಅಂತ ಟೈಪ್ ಮಾಡಿ ಅದರ ಉದ್ದ ಕೇಳಿದಳು. ಕಣ್ಣಿಗೆ ಕಾಣೋದು ಮೂರು ಅಕ್ಷರ. ಬಂದ ಉತ್ತರ 6. ಮ, ಅದರ ಐಕಾರ, ಸ, ಅದರ ಊಕಾರ, ರ, ಅದರ ಉಕಾರ, ಲಿಪಿಗಳಿಗೆಲ್ಲ ಸಂಖ್ಯೆ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ಒಂದೊಂದಕ್ಕೂ ಬೇರೆ ಬೇರೆ ಸಂಖ್ಯೆ. ಆ ಸಂಖ್ಯೆಗಳನ್ನು ಬೈಟ್‌ಗಳಾಗಿ ಉಳಿಸಿಡುವ ಯುಟಿಎಫ್-8 ರೂಪಕ್ಕೆ ಬದಲಿಸಿದಳು, 18 ಬೈಟ್. ಹಿಂದುಮುಂದು ಮಾಡಿದಳು. ಕೊನೆಯ ಉಕಾರ ಮುಂದಕ್ಕೆ ಬಂದು, ಅಂಟಿಕೊಳ್ಳಲು ಅಕ್ಷರ ಸಿಗದೆ ಚುಕ್ಕಿಗಳ ವೃತ್ತಕ್ಕೆ ಜೋತುಬಿತ್ತು. ಎಲ್ಲರೂ ನಕ್ಕರು. ಆಮೇಲೆ ಅದೇ ಪದವನ್ನು ಎನ್‌ಎಫ್‌ಡಿ ಅನ್ನೋ, ಕೂಡಿದ ಭಾಗಗಳನ್ನು ಬಿಡಿಸಿಡುವ ಯೂನಿಕೋಡ್ ರೂಪಕ್ಕೆ ಒಡೆದಾಗ ಐಕಾರ ಎರಡು ತುಂಡಾಗಿ ಉದ್ದ 7 ಆಯಿತು. ಪರದೆ ಮೇಲೆ ಎರಡೂ "ಮೈಸೂರು" ಒಂದೇ ಥರ. ಎರಡೂ ಸಮಾನವೇ ಅಂತ ಕೇಳಿದರೆ ಕಂಪ್ಯೂಟರ್ ಇಲ್ಲ ಅಂತು.

ಸಹಕಾರ ಸಂಘಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಒಬ್ಬರು ಎದ್ದು ನಿಂತೇಬಿಟ್ಟರು. "ಅದಕ್ಕೇನಾ ನಮ್ಮ ಸದಸ್ಯರ ಹೆಸರು ಲಿಸ್ಟ್‌ನಲ್ಲಿದ್ರೂ ಸರ್ಚ್‌ಗೆ ಸಿಗ್ತಿರಲಿಲ್ಲ!" ಅಲ್ಲಿಂದ ಟಾಕ್ ಅವಳ ಕೈಲಿ ಇರಲಿಲ್ಲ. ಸೇವ್ ಮಾಡುವ ಮುಂಚೆಯೇ ಎಲ್ಲವನ್ನೂ ತುಂಡುಗಳನ್ನು ಮತ್ತೆ ಕೂಡಿಸುವ ಎನ್‌ಎಫ್‌ಸಿ ರೂಪಕ್ಕೆ ತರಬೇಕು ಅಂತ ಒಬ್ಬರು, ಡೇಟಾಬೇಸ್‌ನ ಕಾಲಂ ಅಳತೆಯನ್ನು ಬೈಟ್‌ನಲ್ಲಿ ಇಟ್ಟರೆ ಕನ್ನಡ ಹೆಸರು ಅರ್ಧಕ್ಕೇ ಕತ್ತರಿಸಿಹೋಗುತ್ತದೆ ಅಂತ ಇನ್ನೊಬ್ಬರು. ಇಂಥ ಮಾತು ಹುಟ್ಟಬೇಕು ಅಂತಲೇ ಇಷ್ಟೆಲ್ಲ ಓಡಾಟ.

ಅವಳು ಮಾತಾಡಿದ್ದು ಕನ್ನಡದಲ್ಲಿ. ನಾವು ಭಾಷೆಗೆ ಕಟ್ಟು ಹಾಕಿಲ್ಲ. ಸ್ಲೈಡ್ ಇಂಗ್ಲಿಷ್‌ನಲ್ಲಿದ್ದರೂ ಮಾತು ಕನ್ನಡದಲ್ಲಿ ಇರಬಹುದು ಅಂತ ಪೋಸ್ಟರ್‌ನಲ್ಲೇ ಹಾಕುತ್ತೇವೆ. ಅಷ್ಟು ಹಾಕಿದ್ದಕ್ಕೇ ನಂಜನಗೂಡು, ಹುಣಸೂರಿನಿಂದ ಬರುವ ಹುಡುಗರು ಪ್ರಶ್ನೆ ಕೇಳತೊಡಗಿದರು. ಕನ್ನಡ ಬಾರದವರು ಒಬ್ಬಿಬ್ಬರು ಇದ್ದರೆ ಪಕ್ಕದಲ್ಲಿ ಕೂತವರು ಮೆಲ್ಲಗೆ ಹೇಳುತ್ತಾರೆ. ಅದೂ ಒಂದು ಪರಿಚಯವೇ.

ಹೊಸಬರಾದರೆ ಎರಡು ದಿನ ಮೊದಲು ವಿಡಿಯೋ ಕಾಲ್‌ನಲ್ಲಿ ಒಂದು ಸಲ ಹೇಳಿಸಿ. ಮೊದಲ ಐದು ನಿಮಿಷ ತನ್ನ ಬಗ್ಗೆಯೇ ಮಾತಾಡಿದರೆ ಅದನ್ನು ಕತ್ತರಿಸಿ. ಅಕ್ಷರ ದೊಡ್ಡದಿರಲಿ, ಹಿನ್ನೆಲೆ ಬಿಳಿ ಇರಲಿ. ಕಪ್ಪು ಥೀಮ್ ನಮ್ಮ ಲ್ಯಾಪ್‌ಟಾಪ್‌ನಲ್ಲಿ ಚಂದ. ಕಾಲೇಜಿನ ಹಳೇ ಪ್ರೊಜೆಕ್ಟರ್‌ನಲ್ಲಿ ಬೂದಿ ಬಣ್ಣದ ಮೇಲೆ ಬೂದಿ ಬಣ್ಣದ ಕೋಡ್ ಕಾಣುತ್ತದೆ.

ಕರೆಯುವುದು

ವಾಟ್ಸಾಪ್‌ನಲ್ಲಿ ಪ್ರಕಟಣೆಗೆ ಮಾತ್ರ ಅಂತ ಒಂದು ಗ್ರೂಪ್ ಇಡಿ, ಅದರಲ್ಲಿ ಅಡ್ಮಿನ್ ಬಿಟ್ಟು ಯಾರೂ ಬರೆಯುವಂತಿರಬಾರದು. ಹರಟೆಗೆ ಬೇರೆ. ಇಲ್ಲದಿದ್ದರೆ ಗುಡ್ ಮಾರ್ನಿಂಗ್ ಹೂವಿನ ಚಿತ್ರಗಳ ಕೆಳಗೆ ನಿಮ್ಮ ಕಾರ್ಯಕ್ರಮ ಮುಚ್ಚಿಹೋಗುತ್ತದೆ. ಸಂದೇಶ ಚಿಕ್ಕದಾಗಿರಲಿ. ನಮ್ಮದು ಈ ಥರ ಇರುತ್ತದೆ:

"ಈ ಶನಿವಾರ ಬೆಳಿಗ್ಗೆ 10:30ರಿಂದ 1. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ನಿಧಾನ ಆಗಿದ್ದ ಒಂದು ಕ್ವೆರಿಯ ಕಥೆ, ಆಮೇಲೆ ಐದೈದು ನಿಮಿಷದ ಮೂರು ಟಾಕ್. ಮೇನ್ ಗೇಟ್ ಅಲ್ಲ, ಹಿಂದಿನ ಗೇಟ್‌ನಿಂದ ಬನ್ನಿ, ಎರಡನೇ ಮಹಡಿ. ಗಾಡಿ ನಿಲ್ಲಿಸೋಕೆ ಜಾಗ ಇದೆ. ಲ್ಯಾಪ್‌ಟಾಪ್ ಬೇಕಿಲ್ಲ. ಯಾರೂ ಪರಿಚಯ ಇಲ್ಲದಿದ್ದರೂ ಬನ್ನಿ, ಬಾಗಿಲಲ್ಲಿ ನಾವಿರುತ್ತೇವೆ."

ಕೊನೆಯ ಸಾಲನ್ನು ಬಿಡಬೇಡಿ. ಎಷ್ಟೋ ಜನ ಅದನ್ನು ಓದಿಯೇ ಬಂದೆವು ಅಂದಿದ್ದಾರೆ. ಪ್ರವೇಶ ಉಚಿತ ಆದ್ದರಿಂದ ಹೆಸರು ಕೊಟ್ಟವರಲ್ಲಿ ಅರ್ಧದಷ್ಟೇ ಬರುತ್ತಾರೆ. ಬೇಜಾರು ಬೇಡ. ವಡೆ ಆರ್ಡರ್ ಮಾಡುವಾಗ ನೆನಪಿರಲಿ ಅಷ್ಟೇ.

ಆ ದಿನ

ಒಂದು ಗಂಟೆ ಮೊದಲೇ ಹೋಗಿ. ನಮ್ಮ ಬಟ್ಟೆ ಚೀಲದಲ್ಲಿ ಯಾವತ್ತೂ ಇರೋದು: ಟೈಪ್-ಸಿಯಿಂದ ಎಚ್‌ಡಿಎಂಐಗೆ ಅಡಾಪ್ಟರ್, ಎಚ್‌ಡಿಎಂಐಯಿಂದ ವಿಜಿಎಗೆ ಇನ್ನೊಂದು, ಉದ್ದದ ಎಕ್ಸ್‌ಟೆನ್ಷನ್ ಬೋರ್ಡ್, ಮಾರ್ಕರ್ ಪೆನ್ನು, ಹೆಸರು ಬರೆಯೋ ಸ್ಟಿಕ್ಕರ್. ವಿಜಿಎ ಕಾಲ ಮುಗೀತು ಅಂತ ನಗಬೇಡಿ, ಕಾಲೇಜುಗಳಲ್ಲಿ ಮುಗಿದಿಲ್ಲ. ಕಾಲೇಜಿನ ವೈಫೈಯನ್ನೂ ನಂಬಬೇಡಿ. ಎಷ್ಟೋ ಕಡೆ ಎಸ್‌ಎಸ್‌ಎಚ್ (ದೂರದ ಸರ್ವರ್‌ಗೆ ಲಾಗಿನ್ ಆಗುವ ದಾರಿ) ಬಂದ್ ಮಾಡಿರುತ್ತಾರೆ. ಬಂದ್ ಇಲ್ಲದಿದ್ದರೂ ಮೂವತ್ತು ಜನ ಒಟ್ಟಿಗೆ ಪ್ಯಾಕೇಜ್ ಇಳಿಸೋಕೆ ಹೊರಟರೆ ನೆಟ್ ನೆಲಕಚ್ಚುತ್ತದೆ. ವರ್ಕ್‌ಶಾಪ್ ಇದ್ದರೆ ಬೇಕಾದ್ದನ್ನೆಲ್ಲ ನಾಲ್ಕು ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋಗಿ.

ಸ್ಟಿಕ್ಕರ್‌ನಲ್ಲಿ ಹೆಸರು ಮಾತ್ರ ಬರೆಸಿ. ಕಂಪನಿ ಬೇಡ, ಹುದ್ದೆ ಬೇಡ. "ಪ್ರಿನ್ಸಿಪಲ್ ಆರ್ಕಿಟೆಕ್ಟ್" ಅಂತ ಎದೆ ಮೇಲಿದ್ದರೆ ಎರಡನೇ ವರ್ಷದ ಹುಡುಗ ಹತ್ತಿರವೇ ಸುಳಿಯಲ್ಲ. ಕುರ್ಚಿ ಸರಿಸುವಂತಿದ್ದರೆ ಅರ್ಧಚಂದ್ರದ ಹಾಗೆ ಹಾಕಿ.

ಟೀಯನ್ನು ಕೊನೆಗೆ ಇಡಲೇಬೇಡಿ. ಕೊನೆಗಿಟ್ಟರೆ ಲೋಟ ಹಿಡಿದುಕೊಂಡೇ ಗಾಡಿ ಹತ್ತಿರ ಹೋಗಿಬಿಡುತ್ತಾರೆ. ಮೊದಲ ಟಾಕ್ ಇಪ್ಪತ್ತೈದು ನಿಮಿಷ, ಪ್ರಶ್ನೆ ಹತ್ತು ನಿಮಿಷ, ಆಮೇಲೆ ಟೀಗೆ ಅರ್ಧ ಗಂಟೆ ಪೂರ್ತಿ. ಆ ಅರ್ಧ ಗಂಟೆ ನಲವತ್ತು ನಿಮಿಷ ಆದರೂ ಗಂಟೆ ಬಾರಿಸಬೇಡಿ. ಆ ಹೊತ್ತಿನಲ್ಲಿ ಸಂಘಟಕರಿಗೆ ಒಂದೇ ಕೆಲಸ: ಒಂಟಿಯಾಗಿ ನಿಂತವರನ್ನು ಹುಡುಕಿ ಇನ್ನೊಬ್ಬರ ಹತ್ತಿರ ಕರೆದುಕೊಂಡು ಹೋಗೋದು. "ಇವರೂ ಆಂಡ್ರಾಯ್ಡ್ ಮಾಡ್ತಾರೆ, ಮಾತಾಡ್ತಿರಿ" ಅಂದು ಜಾರಿಕೊಳ್ಳಿ. ಟೀ ಆದಮೇಲೆ ಐದು ನಿಮಿಷದ ಲೈಟ್ನಿಂಗ್ ಟಾಕ್‌ಗಳು. ಅರ್ಧ ಗಂಟೆ ಮಾತಾಡಿದ ಹುರುಪಿನಲ್ಲಿ ಯಾರಾದರೂ "ನಾನೂ ಒಂದು ಹೇಳ್ಲಾ?" ಅನ್ನುತ್ತಾರೆ. ಅವರಿಗೋಸ್ಕರ ಒಂದು ಜಾಗ ಖಾಲಿ ಇಟ್ಟಿರಿ.

ಐದು ನಿಮಿಷ ಅಂದರೆ ಐದೇ. ನಾವು ಫೋನ್ ಅಲಾರಾಂ ಇಡುತ್ತೇವೆ. ಹೊಡೆದ ತಕ್ಷಣ ಎಲ್ಲರೂ ಚಪ್ಪಾಳೆ ತಟ್ಟಬೇಕು. ಚಪ್ಪಾಳೆಯ ಮೇಲೆ ಮಾತಾಡೋಕೆ ಯಾರಿಗೂ ಆಗಲ್ಲ.

ದುಡ್ಡು, ರೆಕ್ರೂಟರ್

ಟೀ, ವಡೆ, ಬೆಂಗಳೂರಿನವರ ರೈಲು ಚಾರ್ಜು, ಇಷ್ಟೇ ಖರ್ಚು. ಬಂದವರು ಐವತ್ತೈವತ್ತು ರೂಪಾಯಿ ಹಾಕಿದರೆ ಸಾಕಾಗುತ್ತದೆ, ವಿದ್ಯಾರ್ಥಿಗಳಿಂದ ತಗೊಳ್ಳಬೇಡಿ. ಒಬ್ಬರ ಯುಪಿಐಗೆ ಬಂದ ದುಡ್ಡಿನ ಲೆಕ್ಕ ಅವತ್ತು ಸಂಜೆಯೇ ಗ್ರೂಪ್‌ಗೆ ಬೀಳಬೇಕು, ಹೋಟೆಲ್ ಬಿಲ್ಲಿನ ಫೋಟೋ ಸಮೇತ. ಕಂಪನಿಯವರು ಖರ್ಚು ಕೊಡ್ತೀವಿ ಅಂದರೆ ತಗೊಳ್ಳಿ. ಬದಲಿಗೆ ಶುರುವಿನಲ್ಲಿ ಎರಡು ನಿಮಿಷ ಮಾತಾಡಲಿ, ಒಂದು ಬ್ಯಾನರ್ ಕಟ್ಟಲಿ. ಬಂದವರ ಮೇಲ್, ಫೋನ್ ನಂಬರ್ ಪಟ್ಟಿ ಕೇಳಿದರೆ ಮಾತ್ರ ಕೊಡಬೇಡಿ. ಒಂದು ಸಂಸ್ಥೆಯವರು ಪೂರ್ತಿ ವರ್ಷದ ಟೀ ಖರ್ಚಿಗೆ ಆ ಪಟ್ಟಿ ಕೇಳಿದ್ದರು. ನಮ್ಮ ವಡೆ ನಾವೇ ಕೊಂಡುಕೊಳ್ತೀವಿ ಅಂದೆವು. ಕೆಲಸ ಖಾಲಿ ಇದ್ದರೆ ಬಂದು ಬೋರ್ಡ್ ಮೇಲೆ ಬರೆಯಲಿ, ಬೇಕಾದವರು ಅವರನ್ನೇ ಕೇಳುತ್ತಾರೆ.

ಎರಡನೇ ವರ್ಷಕ್ಕೆ

ಎಂಟು ಹತ್ತು ತಿಂಗಳು ಆದಮೇಲೆ ಬರುವವರು ಕಮ್ಮಿ ಆಗುತ್ತಾರೆ. ಶುರುವಿನ ಕುತೂಹಲ ಇಳಿದಿರುತ್ತದೆ, ಮಳೆಗಾಲ ಬಂದಿರುತ್ತದೆ. ಒಂಬತ್ತು ಜನ ಬಂದರೆ ಪ್ರೊಜೆಕ್ಟರ್ ಆರಿಸಿ, ಕುರ್ಚಿ ಸುತ್ತ ಹಾಕಿ, ಒಬ್ಬೊಬ್ಬರೂ ಈ ತಿಂಗಳು ಎಲ್ಲಿ ಸಿಕ್ಕಿಹಾಕಿಕೊಂಡಿದ್ದೀರಿ ಹೇಳಿ ಅನ್ನಿ. ನನ್ನ ಮಟ್ಟಿಗೆ ಅಂಥ ಶನಿವಾರಗಳೇ ಚೆನ್ನಾಗಿದ್ದವು. ಎಷ್ಟು ಜನ ಬಂದರು ಅಂತ ಲಿಂಕ್ಡ್‌ಇನ್‌ನಲ್ಲಿ ಹಾಕುವ ಚಪಲ ಇದ್ದರೆ ಮಾತ್ರ ಅದು ಸೋಲು ಅನ್ನಿಸುತ್ತದೆ.

ಸಂಘಟಕರಲ್ಲಿ ಒಬ್ಬರಿಗೆ ಮದುವೆ ಆಗುತ್ತದೆ, ಇನ್ನೊಬ್ಬರಿಗೆ ಪುಣೆಯಲ್ಲಿ ಕೆಲಸ ಸಿಗುತ್ತದೆ. ಹಾಗಾಗಿ ನೋಂದಣಿ ಪುಟ, ಗ್ರೂಪ್ ಅಡ್ಮಿನ್, ಫೋಟೋ ಡ್ರೈವ್ ಯಾವುದೂ ಒಬ್ಬರ ಸ್ವಂತ ಮೇಲ್‌ಗೆ ಅಂಟಿಕೊಂಡಿರಬಾರದು. ಬಳಗಕ್ಕೇ ಒಂದು ಮೇಲ್ ಐಡಿ ಮಾಡಿ, ಪಾಸ್‌ವರ್ಡ್ ಇಬ್ಬರ ಹತ್ತಿರ ಇರಲಿ. ಹಾಲ್‌ಗೆ ಯಾವ ಸರ್‌ಗೆ ಫೋನ್ ಮಾಡಬೇಕು, ವಡೆ ಎಲ್ಲಿಂದ, ಶನಿವಾರ ಬೀಗ ತೆಗೆಯೋ ಅಣ್ಣನ ಹೆಸರೇನು, ಎಲ್ಲ ಒಂದು ಡಾಕ್ಯುಮೆಂಟ್‌ನಲ್ಲಿ ಬರೆದಿಡಿ. ಅಡಾಪ್ಟರ್ ಚೀಲವನ್ನು ಪ್ರತಿ ತಿಂಗಳು ಬೇರೆಯವರ ಮನೆಗೆ ಕಳಿಸಿ. ಚೀಲ ಯಾರ ಮನೆಯಲ್ಲಿದೆಯೋ ಅವರೇ ಆ ತಿಂಗಳು ಮೊದಲು ಬಂದು ಬಾಗಿಲು ತೆಗೆಸಬೇಕು.